ಪಿಟಿಒ ಶಾಫ್ಟ್ ಕೊಳ್ಳುವ ಮೊದಲು



ಸ್ಟ್ರಾಟ್‌ಫರ್ಡಿನಲ್ಲಿ ಕೂತು ಟ್ರ್ಯಾಕ್ಟರ್ ಮಾತು ಯಾಕೆ ಅಂತ ಕೇಳಬಹುದು. ಇಲ್ಲಿಂದಲೇ ರೈಲು ಹತ್ತಿ ಎಸೆಕ್ಸ್, ಕೆಂಟ್ ಕಡೆ ಹೊಲದ ಕೆಲಸಕ್ಕೆ ಹೋಗುವವರಿಗೆ ಈ ಮಾತು. ನೀವು ಊರಲ್ಲಿ ರೋಟವೇಟರ್ ಓಡಿಸಿದವರು ಅಂತ ಗೊತ್ತಾದರೆ, "ಶಾಫ್ಟ್ ಮುರಿದಿದೆ, ಬೇರೆ ನೋಡಿ ತಗೊಂಡು ಬಾ" ಅಂತ ನಿಮಗೇ ಹೇಳಿಯಾರು.

ಮೊದಲು ಟ್ರ್ಯಾಕ್ಟರ್ ಹಿಂದಿನ ಪಿಟಿಒ ತುದಿಯ ಹಲ್ಲು ಎಣಿಸಿ. ಸುಮಾರು 35 ಮಿ.ಮೀ. ದಪ್ಪ, 6 ಹಲ್ಲು ಇದ್ದರೆ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತಿನದು. ನಮ್ಮೂರಲ್ಲಿ ಹೆಚ್ಚಾಗಿ ಕಾಣುವುದು ಇದೇ. ಅದೇ ದಪ್ಪದಲ್ಲಿ 21 ಹಲ್ಲಿದ್ದರೆ 1000 ಸುತ್ತು. ಯಂತ್ರದ ಮೇಲೆ 540 ಅಂತ ಬರೆದಿದ್ದರೆ ಅಡಾಪ್ಟರ್ ತೊಡಿಸಿ 1000ಕ್ಕೆ ಜೋಡಿಸಬೇಡಿ. ಯಂತ್ರ ತಡೆಯೋದಿಲ್ಲ.

ಬರೀ ಕ್ರಾಸ್ ಹೋಗಿದ್ದರೆ ಅದರ ಕಪ್ಪಿನ ಅಡ್ಡಳತೆ, ಎದುರುಬದುರು ಕಪ್ಪುಗಳ ಒಟ್ಟು ಉದ್ದ, ಎರಡನ್ನೂ ವರ್ನಿಯರ್ ಇಟ್ಟು ಅಳೆಯಿರಿ. ಕಣ್ಣಂದಾಜು ಬೇಡ. ಪೈಪ್ ಕೊಳ್ಳುವುದಾದರೆ ಒಳಗಿನದು ಹೊರಗಿನದು ಒಂದೇ ಆಕಾರದ ಜೋಡಿಯಾಗಿರಲಿ.

ಉದ್ದದ ವಿಷಯಕ್ಕೆ ಸ್ವಲ್ಪ ನಿಲ್ಲೋಣ. ಯಂತ್ರ ಎತ್ತಿದಾಗ, ಇಳಿಸಿದಾಗ, ತಿರುವಿನಲ್ಲಿ ಶಾಫ್ಟ್ ಉದ್ದವಾಗುತ್ತೆ, ಗಿಡ್ಡವಾಗುತ್ತೆ. ತೀರಾ ಗಿಡ್ಡವಾದಾಗ ಒಳಪೈಪ್ ತಳಕ್ಕೆ ಬಡಿದರೆ ಗೇರ್‌ಬಾಕ್ಸಿನ ಬೇರಿಂಗ್ ಹೋಯ್ತು. ತೀರಾ ಎಳೆದಾಗ ಒಂದರೊಳಗೊಂದು ಮೂರರಲ್ಲೊಂದು ಪಾಲಾದರೂ ಇರಬೇಕು. ಇಲ್ಲದಿದ್ದರೆ ಕಳಚಿಕೊಂಡು ಬೀಸುತ್ತೆ. ಶಾಫ್ಟಿನ ಎರಡೂ ಕಡೆಯ ಯೋಕ್ ಒಂದೇ ನೇರಕ್ಕೆ ಬರುವಂತೆ ಪೈಪ್ ತೂರಿಸಿ.

ಶಿಯರ್ ಬೋಲ್ಟ್ ಪದೇ ಪದೇ ತುಂಡಾಗುತ್ತೆ ಅಂತ ಗಟ್ಟಿ ಬೋಲ್ಟ್ ಹಾಕುವ ಬುದ್ಧಿವಂತರು ಊರಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಅದು ತುಂಡಾಗಲೆಂದೇ ಇರುವ ಬೋಲ್ಟ್. ಅದು ಉಳಿದರೆ ಗೇರ್ ಮುರಿಯುತ್ತೆ.

ಇನ್ನು ಗಾರ್ಡ್. ಊರಲ್ಲಿ ಪ್ಲಾಸ್ಟಿಕ್ ಗಾರ್ಡನ್ನು ಕಿತ್ತು ಮೂಲೆಗೆ ಎಸೆಯುತ್ತೇವೆ. 540 ಅಂದರೆ ಸೆಕೆಂಡಿಗೆ 9 ಸುತ್ತು. ತೋಳಿನ ತುದಿ, ಟವೆಲ್, ದುಪಟ್ಟಾ ಸಿಕ್ಕಿದರೆ "ಅಯ್ಯೋ" ಅನ್ನುವಷ್ಟರಲ್ಲಿ ಕೈಯೇ ಸುತ್ತಿಕೊಂಡಿರುತ್ತೆ. ಅದಕ್ಕೇ ಶಾಫ್ಟಿನ ಜೊತೆಯಲ್ಲೇ ಅದರ ಅಳತೆಯ ಗಾರ್ಡ್, ಸರಪಳಿ ಕೇಳಿ. ಶಾಫ್ಟ್ ಕೊಯ್ದು ಗಿಡ್ಡ ಮಾಡಿದರೆ ಗಾರ್ಡನ್ನೂ ಅಷ್ಟೇ ಕೊಯ್ಯಬೇಕು.

ಇಲ್ಲಿನ 1998ರ ನಿಯಮದ ಪ್ರಕಾರ ತಿರುಗುವ ಭಾಗಕ್ಕೆ ರಕ್ಷಣೆ ಒದಗಿಸುವುದು ಮಾಲೀಕರ ಹೊಣೆ. 1974ರ ಕಾಯಿದೆಯಂತೆ ಅದಕ್ಕಾಗಿ ನಿಮ್ಮ ಸಂಬಳದಲ್ಲಿ ಹಣ ಹಿಡಿಯುವಂತಿಲ್ಲ. "ಇವತ್ತೊಂದು ದಿನ ಹಾಗೇ ಓಡಿಸು" ಅಂದರೆ ಒಪ್ಪಬೇಡಿ.

ಜೋಡಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಸರಪಳಿ ಬಿಚ್ಚಿ ಗಾರ್ಡನ್ನು ಕೈಯಿಂದ ತಿರುಗಿಸಿ. ಶಾಫ್ಟ್ ನಿಂತೇ ಇದ್ದು ಗಾರ್ಡ್ ಮಾತ್ರ ಸಲೀಸಾಗಿ ತಿರುಗಬೇಕು. ತಿರುಗಿದರೆ ಸರಪಳಿ ಮತ್ತೆ ಕಟ್ಟಿ. ಹಿಡಿದುಕೊಂಡರೆ ಕೆಲಸ ಶುರು ಮಾಡಬೇಡಿ, ಬಿಚ್ಚಿ ನೋಡಿ.