ಇಂಟರ್‌ನೆಟ್ ಫೋನು: ಕೊಟ್ಟಿಗೆಯಲ್ಲಿ ನಿಂತು ಆರಿಸಿರಿ

(ಕುರುಗೋಡಿನಲ್ಲಿ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಮೇವು, ಲಸಿಕೆಗಳ ಬಗ್ಗೆ ತಾವು ಅನೇಕ ಸಲ ಕೇಳಿದ್ದೀರಿ. ಇಂದು ಫೋನಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಹಾಲಿಗೂ ಫೋನಿಗೂ ಏನು ಸಂಬಂಧವೆಂದು ಕೇಳಬಹುದು. ನನ್ನ ಮನೆಯಲ್ಲಿ ನಡೆದದ್ದನ್ನೇ ಕೇಳಿ.

ಹಿಂದೊಂದು ಮಳೆಗಾಲದ ರಾತ್ರಿ ನಮ್ಮ ಎಮ್ಮೆಗೆ ಕರು ಅಡ್ಡ ಬಂದಿತು. ಮನೆಯಲ್ಲಿ ಫೈಬರ್ ಲೈನಿನ ಫೋನಿತ್ತು. ಕರೆಂಟು ಹೋದೊಡನೆ ಮೂಕವಾಯಿತು. ನನ್ನ ಮೊಬೈಲಿಗೆ ಕೊಟ್ಟಿಗೆಯಲ್ಲಿ ಸಿಗ್ನಲ್ ಇರಲಿಲ್ಲ. ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಬಟನ್ ಫೋನಿನಿಂದ ಡಾಕ್ಟರನ್ನು ಕರೆಸುವಷ್ಟರಲ್ಲಿ ಹೊತ್ತು ಮೀರಿತ್ತು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ. ತಪ್ಪು ಫೋನಿನದಲ್ಲ, ಅದರ ಗುಣ ತಿಳಿಯದೆ ತಂದ ನನ್ನದು.

ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ವಿದ್ಯುತ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ಮಾತಾಡುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು, ವಿದ್ಯುತ್ತಲ್ಲ. ಮನೆಯ ಡಬ್ಬಿಗೆ ಕರೆಂಟು ಇಲ್ಲದಿದ್ದರೆ ಫೋನೂ ಇಲ್ಲ.

ಇಂಟರ್‌ನೆಟ್ ಫೋನೆಂದರೆ ನಮ್ಮ ಧ್ವನಿಯನ್ನು ಅಂಕಿಗಳಾಗಿ ಮಾಡಿ ಸಣ್ಣ ಸಣ್ಣ ಕಟ್ಟುಗಳಲ್ಲಿ ಕಳಿಸುವುದು. ಡೇರಿಯ ಹಾಲಿನಂತೆ ಅದಕ್ಕೂ ಪ್ಯಾಕೆಟ್ ಎಂದೇ ಹೆಸರು. ಪ್ಯಾಕೆಟ್ಟು ತಡವಾದರೆ ಮಾತು ತುಂಡಾಗುತ್ತದೆ. ಇದರಲ್ಲಿ ಮುಖ್ಯವಾಗಿ ನಾಲ್ಕು ಬಗೆ.

ಮೊದಲನೆಯದು ವೋಲ್ಟೆ, ಅಂದರೆ 4ಜಿ ಜಾಲದ ಮೇಲೆ ಸಾಮಾನ್ಯ ನಂಬರಿನ ಕರೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಇದು ಎಲ್ಲೆಡೆ ಹರಡಿತು. ಜಿಯೋಗೆ 2ಜಿ ಜಾಲವಿಲ್ಲ; ಹಳೆಯ 2ಜಿ ಬಟನ್ ಫೋನಿಗೆ ಆ ಸಿಮ್ ಹಾಕಿದರೆ ನಡೆಯದು. ಬಟನ್ ಫೋನೇ ಬೇಕೆಂದರೆ 4ಜಿಯದನ್ನು ಕೇಳಿ ಕೊಳ್ಳಿರಿ.

ಎರಡನೆಯದು ವೈಫೈ ಕರೆ. ಭಾರತದಲ್ಲಿ 2019ರ ಡಿಸೆಂಬರಿನಿಂದ ಬಳಕೆಗೆ ಬಂತು. ಆರ್‌ಸಿಸಿ ಮನೆಯೊಳಗೆ ಟವರಿನ ಸಿಗ್ನಲ್ ಬರದಿದ್ದರೂ, ವೈಫೈ ಇದ್ದರೆ ಅದೇ ನಂಬರಿನಿಂದ ಮಾತಾಡಬಹುದು. ಫೋನಿನಲ್ಲಿ ಈ ಸೌಲಭ್ಯ ಇದೆಯೇ ಎಂದು ಕೊಳ್ಳುವಾಗಲೇ ನೋಡಿರಿ.

ಮೂರನೆಯದು ವಾಟ್ಸಾಪ್ ಕರೆ. ಬೆಂಗಳೂರಿನಲ್ಲಿರುವ, ಪರದೇಶದಲ್ಲಿರುವ ಮಕ್ಕಳೊಡನೆ ಮಾತಾಡಲು, ದನದ ಕೆಚ್ಚಲನ್ನು ಡಾಕ್ಟರಿಗೆ ವಿಡಿಯೋದಲ್ಲಿ ತೋರಿಸಲು ಅನುಕೂಲ. ಆದರೆ ಆ ಕಡೆಯವರಿಗೂ ವಾಟ್ಸಾಪ್, ನೆಟ್ ಎರಡೂ ಬೇಕು. ತುರ್ತಿನ 112, ಪಶು ಚಿಕಿತ್ಸೆಯ 1962 ನಂಬರುಗಳಿಗೆ ಇದರಿಂದ ಕರೆ ಹೋಗುವುದಿಲ್ಲ.

ನಾಲ್ಕನೆಯದು ಫೈಬರ್ ಲೈನಿನ ಫೋನು. ಸಂಘದ ಕಚೇರಿಗೆ ಒಳ್ಳೆಯದು, ಧ್ವನಿ ಸ್ಪಷ್ಟ. ಆದರೆ ಡಬ್ಬಿಗೆ ಬ್ಯಾಟರಿ ಕಟ್ಟಿಸದೆ ನಂಬಬೇಡಿರಿ.

ಹಾಗಾದರೆ ಯಾವುದನ್ನು ಆರಿಸಬೇಕು? ಅಂಗಡಿಯವರ ಮಾತಿಗಿಂತ ನಿಮ್ಮ ಕೊಟ್ಟಿಗೆಯನ್ನು ಕೇಳಿರಿ. ನೆರೆಹೊರೆಯವರಲ್ಲಿರುವ ಬೇರೆ ಬೇರೆ ಕಂಪನಿಯ ಸಿಮ್ಮುಗಳಿಂದ ಕೊಟ್ಟಿಗೆಯಲ್ಲೇ ನಿಂತು ಮಾತಾಡಿ ನೋಡಿರಿ. ಬೆಳಿಗ್ಗೆ ಒಮ್ಮೆ, ಜನ ಹೆಚ್ಚು ಫೋನು ಬಳಸುವ ರಾತ್ರಿ ಒಮ್ಮೆ. ಯಾವುದು ತುಂಡಾಗದೆ ಕೇಳುವುದೋ ಅದೇ ನಿಮ್ಮ ಸಿಮ್ಮು. ಸಾಧ್ಯವಾದರೆ ಎರಡು ಸಿಮ್ಮಿನ ಫೋನು ಕೊಂಡು ಎರಡು ಕಂಪನಿಯವನ್ನು ಇಡಿರಿ. ಡಾಕ್ಟರ ನಂಬರನ್ನು ಕೊಟ್ಟಿಗೆಯ ಗೋಡೆಯ ಮೇಲೂ ಬರೆಯಿರಿ.

ಒಂದು ಎಚ್ಚರಿಕೆ. ಹಾಲಿನ ಬಟವಾಡೆ ಇಲ್ಲವೇ ಪ್ರೋತ್ಸಾಹಧನ ತಡೆದಿದೆ, ಒಟಿಪಿ ಹೇಳಿ ಎಂದು ಯಾರಾದರೂ ಕರೆ ಮಾಡಿದರೆ ಇಟ್ಟುಬಿಡಿ. ಸಂಘದ ಕಾರ್ಯದರ್ಶಿಯವರನ್ನೇ ಕೇಳಿರಿ. ಹಣ ಹೋಗಿದ್ದರೆ ಒಡನೆ 1930ಕ್ಕೆ ತಿಳಿಸಿರಿ.

ನನ್ನ ಕೊಟ್ಟಿಗೆಯಲ್ಲಿ ಈಗ ಫೋನು ಕೇಳುತ್ತದೆ. ನಿಮ್ಮದರಲ್ಲಿ ಕೇಳುತ್ತದೆಯೇ ಎಂದು ಇಂದು ಸಂಜೆ ಹಾಲು ಕರೆಯುವಾಗಲೇ ಪರೀಕ್ಷಿಸಿ. ಎಮ್ಮೆ ನೋವು ತಿನ್ನುವ ರಾತ್ರಿಯವರೆಗೆ ಕಾಯಬೇಡಿರಿ.