ಹಿಮಕ್ಕಾಗಿ ಕಾದ ಜನವರಿ

(ಕೃಷಿಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ಮಾತು ಒಂದು ಪ್ರವಾಸದ ಕುರಿತಾದುದು. 2024ರ ಜನವರಿಯಲ್ಲಿ ಮಲೆನಾಡಿನ ಇಬ್ಬರು ಗೆಳೆಯರು ಒಂದೇ ಮೋಟಾರ್ ಸೈಕಲ್ಲಿನಲ್ಲಿ ದೆಹಲಿಯಿಂದ ಹೊರಟು, ಪಂಜಾಬಿನ ಬಯಲನ್ನು ದಾಟಿ, ಸಟ್ಲೆಜ್ ನದಿಯ ಜಾಡು ಹಿಡಿದು ಹಿಮಾಚಲದ ಕಿನ್ನೌರ್ ಜಿಲ್ಲೆಯವರೆಗೆ ಹೋಗಿಬಂದರು. ಒಬ್ಬ ಅಡಿಕೆ ಬೆಳೆಗಾರ. ಮತ್ತೊಬ್ಬ ಹೋಬಳಿ ಊರಿನಲ್ಲಿ ಬೈಕ್ ರಿಪೇರಿಯ ಅಂಗಡಿ ಇಟ್ಟವನು. ಅವರ ಗುರಿ ಇದ್ದದ್ದು ಇನ್ನೂ ಮುಂದೆ, ಸ್ಪಿತಿ ಕಣಿವೆಯ ತಾಬೋ ಎಂಬ ಊರು. ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ಬೌದ್ಧ ವಿಹಾರ ಅಲ್ಲಿದೆ. ಅಲ್ಲಿಗೆ ಅವರು ತಲುಪಲಿಲ್ಲ. ತಲುಪದೇ ಹೋದುದರ ಕಾರಣವೇ ಈ ಮಾತಿನ ತಿರುಳು.

ಬೈಕನ್ನು ರೈಲಿನಲ್ಲಿ ಪಾರ್ಸೆಲ್ ಮಾಡಿ ದೆಹಲಿಗೆ ಕಳುಹಿಸಲಾಗಿತ್ತು. ಪೆಟ್ರೋಲನ್ನು ಪೂರ್ತಿ ಬಸಿದು, ಗೋಣಿಚೀಲ ಸುತ್ತಿ, ನೋಂದಣಿ ಪತ್ರದ ಪ್ರತಿ ಕೊಟ್ಟರೆ ರೈಲ್ವೆಯವರು ಒಯ್ಯುತ್ತಾರೆ. ದೆಹಲಿಯಲ್ಲಿ ಗೋಣಿ ಬಿಚ್ಚಿ, ಚಕ್ರಕ್ಕೆ ಗಾಳಿ ಹಾಕಿಸಿ, ಪಾಣಿಪತ್, ಕರ್ನಾಲ್, ಅಂಬಾಲಾಗಳ ಹೆದ್ದಾರಿಯನ್ನು ಅವರು ಹಿಡಿದರು. ಹಿಡಿದ ಮೊದಲ ಬೆಳಿಗ್ಗೆಯೇ ಹೆದ್ದಾರಿ ಕಾಣದಂತಾಯಿತು.

ಮಲೆನಾಡಿನವರಿಗೆ ಮಂಜು ಹೊಸದಲ್ಲ. ಆದರೆ ಇಲ್ಲಿನ ಮಂಜು ಬಿಸಿಲೇರಿದೊಡನೆ ಕರಗುವಂಥದು. ಉತ್ತರದ ಬಯಲಿನ ಮಂಜು ಕೆಲವೊಮ್ಮೆ ದಿನಗಟ್ಟಲೆ ಕದಲುವುದಿಲ್ಲ. ಎದುರಿನ ನೋಟ 50 ಮೀಟರಿಗಿಂತ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಅತಿ ದಟ್ಟ ಮಂಜು ಎಂದು ವರ್ಗೀಕರಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಆ 50 ಮೀಟರನ್ನು ಮೂರು ಸೆಕೆಂಡುಗಳಲ್ಲಿ ದಾಟುತ್ತದೆ. ಸವಾರ ಅಡ್ಡಿಯನ್ನು ಕಂಡು ಬ್ರೇಕ್ ಒತ್ತಿ, ಒದ್ದೆ ರಸ್ತೆಯಲ್ಲಿ ಬೈಕ್ ನಿಲ್ಲುವಷ್ಟರಲ್ಲಿ ಆ ದೂರವೆಲ್ಲ ಬಹುತೇಕ ಮುಗಿದಿರುತ್ತದೆ. ಹಿಂದೀಪವಿಲ್ಲದ ಒಂದು ಟ್ರ್ಯಾಕ್ಟರ್ ಟ್ರೇಲರ್ ಮುಂದಿದ್ದರೆ ಹೇಳುವುದೇ ಬೇಡ. ದೊಡ್ಡ ಬೆಳಕು ಹಾಕಿದರೆ ಅದು ಮಂಜಿಗೆ ತಾಗಿ ಕಣ್ಣಿಗೇ ಮರಳುತ್ತದೆ. ತಗ್ಗಿಸಿದ ಬೆಳಕೇ ಲೇಸು. ಸವಾರನ ಉಸಿರು ಹೆಲ್ಮೆಟ್ಟಿನ ಗಾಜಿಗೆ ಕಟ್ಟುತ್ತದೆ, ಗಾಜು ಎತ್ತಿದರೆ ಕಣ್ಣಲ್ಲಿ ನೀರು. ಚಳಿಯ ಲೆಕ್ಕವೂ ಬೇರೆ. ಉಷ್ಣಮಾಪಕ 5 ಡಿಗ್ರಿ ತೋರಿಸುವಾಗ 60 ಕಿ.ಮೀ. ವೇಗದಲ್ಲಿ ಸಾಗುವವನ ಮೈಗೆ ತಾಗುವುದು ಸೊನ್ನೆಗಿಂತ 2 ಡಿಗ್ರಿ ಕೆಳಗಿನ ಚಳಿ. ಒಂದು ಢಾಬಾದಲ್ಲಿ ಲಾರಿ ಚಾಲಕನೊಬ್ಬ ಕಲಿಸಿಕೊಟ್ಟಂತೆ ಇಬ್ಬರೂ ಅಂಗಿಯೊಳಗೆ ಎದೆಗೆ ಹಳೆಯ ದಿನಪತ್ರಿಕೆಗಳನ್ನು ಹರಡಿಕೊಂಡರು. ಬೆಳಿಗ್ಗೆ ಹತ್ತರ ಮೊದಲು ಹೊರಡುವುದಿಲ್ಲ, ಸಂಜೆ ನಾಲ್ಕರ ನಂತರ ಓಡಿಸುವುದಿಲ್ಲ ಎಂಬ ನಿಯಮವನ್ನೂ ಆ ದಿನವೇ ಮಾಡಿಕೊಂಡರು.

ಈ ಮಂಜು ಎಲ್ಲಿಂದ ಬರುತ್ತದೆ? ಹಿಮಾಲಯದಿಂದ ಇಳಿದು ಬರುತ್ತದೆಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಬಯಲಿನ ನೆಲದ ಮೇಲೆಯೇ ಹುಟ್ಟುತ್ತದೆ. ಮೋಡವಿಲ್ಲದ ದೀರ್ಘ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ನೆಲಕ್ಕಂಟಿದ ಗಾಳಿಯೂ ತಣಿಯುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಪಾತ್ರೆಗೆ ಮುಚ್ಚಳವಿಟ್ಟಂತೆ ಕೂರುತ್ತದೆ. ತೇವವನ್ನು ಒದಗಿಸುವಲ್ಲಿ ಕಾಲುವೆಗಳಿಗೂ ಗೋಧಿಯ ಗದ್ದೆಗಳಿಗೂ ಪಾಲಿದೆ. ಗೋಧಿಗೆ ಬಿತ್ತಿದ ಸುಮಾರು ಮೂರು ವಾರಕ್ಕೆ ಮೊದಲ ನೀರು, ಆಮೇಲೆ ಸರದಿಯಂತೆ ಮತ್ತೆ ಮತ್ತೆ ನೀರು. ಹಾಗಾಗಿ ಚಳಿಗಾಲದುದ್ದಕ್ಕೂ ನೆಲ ಒದ್ದೆಯಾಗಿರುತ್ತದೆ. ಆವಿ ಹನಿಗಟ್ಟಲು ಬೇಕಾದ ಕಣಗಳನ್ನು ಇಟ್ಟಿಗೆ ಗೂಡು, ವಾಹನ, ಕಾರ್ಖಾನೆ, ಚಳಿ ಕಾಯಿಸುವ ಬೆಂಕಿಗಳ ಹೊಗೆ ಕೊಡುತ್ತದೆ. ದೆಹಲಿಯ ವಿಮಾನ ನಿಲ್ದಾಣದಲ್ಲಿ 2015ರಿಂದ ವಿಜ್ಞಾನಿಗಳು ಈ ಮಂಜನ್ನೇ ಅಳೆಯುತ್ತಿದ್ದಾರೆ.

ಭತ್ತದ ಕೂಳೆ ಸುಡುವ ಹೊಗೆಯ ಸಂಗತಿಯನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು. ಆ ಬೆಂಕಿ ಅಕ್ಟೋಬರ್–ನವೆಂಬರ್ ತಿಂಗಳದು. ಜನವರಿಯ ಮಂಜಿಗೆ ಅದನ್ನು ನೇರವಾಗಿ ಹೊಣೆ ಮಾಡಲಾಗದು. ಆದರೆ ಅದರ ಹಿಂದೆಯೂ ನೀರಿನ ಕಥೆಯಿದೆ. ಅಂತರ್ಜಲ ಪಾತಾಳಕ್ಕಿಳಿದುದನ್ನು ಕಂಡು ಪಂಜಾಬ್ ಸರ್ಕಾರ 2009ರಲ್ಲಿ ಕಾನೂನು ತಂದು, ಜೂನ್ 10ರ ಮೊದಲು ಭತ್ತದ ನಾಟಿ ಮಾಡಕೂಡದೆಂದಿತು. ನಾಟಿ ತಡವಾಯಿತು, ಕೊಯ್ಲೂ ತಡವಾಯಿತು. ಕೊಯ್ಲಿಗೂ ಗೋಧಿ ಬಿತ್ತನೆಗೂ ನಡುವೆ ಉಳಿದ ಕೆಲವೇ ವಾರಗಳಲ್ಲಿ ಗದ್ದೆ ಖಾಲಿ ಮಾಡಲು ರೈತನಿಗೆ ಬೆಂಕಿಯೇ ಅಗ್ಗವೆನಿಸಿತು. ಕೂಳೆಯ ನಡುವೆಯೇ ಗೋಧಿ ಬಿತ್ತುವ ಹ್ಯಾಪಿ ಸೀಡರ್ ಎಂಬ ಯಂತ್ರ ಬಂದಿದೆಯಾದರೂ ಬೆಂಕಿ ನಿಂತಿಲ್ಲ. ನೀರು ಉಳಿಸಲು ಹೊರಟ ಕಾನೂನು ಗಾಳಿಗೆ ಹೊಗೆ ತುಂಬಲು ಹೀಗೆ ಒಂದು ಕಾರಣವಾಯಿತು.

ಲುಧಿಯಾನದಿಂದ ಪಶ್ಚಿಮಕ್ಕೆ ತಿರುಗಿ ಗೆಳೆಯರು ಹರಿಕೆಗೆ ಹೋದರು. ಬಿಯಾಸ್ ನದಿ ಸಟ್ಲೆಜನ್ನು ಸೇರುವ ಸ್ಥಳವದು. 1952ರಲ್ಲಿ ಅಲ್ಲಿ ಒಡ್ಡು ಕಟ್ಟಿದ್ದರಿಂದ ವಿಶಾಲ ಜೌಗು ಉಂಟಾಗಿ, ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬಂದಿಳಿಯುತ್ತವೆ. ರಾಜಸ್ಥಾನದ ಮರಳುಗಾಡಿಗೆ ನೀರೊಯ್ಯುವ ಕಾಲುವೆಯ ಮೂಲವೂ ಅಲ್ಲಿಯೇ. ಈ ನೀರು ಬರುವ ದಾರಿಯಲ್ಲಿ ಹಿಮ್ಮುಖವಾಗಿ ಹೋಗೋಣವೆಂದು ಅವರು ಅಲ್ಲಿಂದ ಬೈಕನ್ನು ತಿರುಗಿಸಿದರು.

ರೋಪಡ್ ದಾಟಿದ ಮೇಲೆ ಶಿವಾಲಿಕ್ ಗುಡ್ಡಗಳ ತಪ್ಪಲು. ಗೋಧಿಯ ಹಳದಿ ತುಕ್ಕು ರೋಗ ಪಂಜಾಬಿನಲ್ಲಿ ಸಾಮಾನ್ಯವಾಗಿ ಮೊದಲು ತಲೆದೋರುವುದು ತಂಪಾದ, ತೇವದ ಈ ತಪ್ಪಲಿನ ಪಟ್ಟಿಯಲ್ಲಿಯೇ. ನಂಗಲ್ ಸಮೀಪ ಭಾಕ್ರಾ ಅಣೆಕಟ್ಟು, 226 ಮೀಟರ್ ಎತ್ತರ, 1963ರಲ್ಲಿ ರಾಷ್ಟ್ರಕ್ಕೆ ಅರ್ಪಿತವಾದುದು. ಅದರ ಹಿನ್ನೀರಿನಲ್ಲಿ ಹಳೆಯ ಬಿಲಾಸ್‌ಪುರ ಪಟ್ಟಣ ಮುಳುಗಿದೆ. ನೀರು ಇಳಿದಾಗ ದೇವಾಲಯಗಳ ಶಿಖರಗಳು ಹೊರಗೆ ಕಾಣುತ್ತವೆ. ಶರಾವತಿಯ ಹಿನ್ನೀರನ್ನು ಬಲ್ಲವರಿಗೆ ಇದಕ್ಕೆ ವಿವರಣೆ ಬೇಡ. ಅಡಿಕೆ ಬೆಳೆಗಾರ ಅಲ್ಲಿ ಬೈಕ್ ನಿಲ್ಲಿಸಿ ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತನು.

ಬೆಟ್ಟವೇರಿದಂತೆ ಮಂಜು ಕೆಳಗುಳಿಯಿತು. ತಿರುವೊಂದರಲ್ಲಿ ಹಿಂದಿರುಗಿ ನೋಡಿದರೆ ಬಯಲೆಲ್ಲ ಬಿಳಿಯ ಸಮುದ್ರ. ಮೇಲೆ ಸ್ವಚ್ಛ ಬಿಸಿಲು. ಆ ತಿಂಗಳು ಶಿಮ್ಲಾದ ಹಗಲು ಲುಧಿಯಾನದ ಹಗಲಿಗಿಂತ ಬೆಚ್ಚಗಿದ್ದ ದಿನಗಳಿದ್ದವು. ಶಿಮ್ಲಾ ನಗರ ಒಂದು ಜಲವಿಭಾಜಕದ ಮೇಲೆ ಕುಳಿತಿದೆ. ಏಣಿನ ಒಂದು ಮಗ್ಗುಲಿಗೆ ಬಿದ್ದ ನೀರು ಸಟ್ಲೆಜ್ ಸೇರಿ ಅರಬ್ಬೀ ಸಮುದ್ರದತ್ತ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಯಮುನೆಯ ಮೂಲಕ ಬಂಗಾಳ ಕೊಲ್ಲಿಗೆ. ಘಟ್ಟದ ನೆತ್ತಿಯಲ್ಲಿ ಬಾಳುವವರು ಆ ಊರನ್ನು ಪರಕೀಯವೆಂದು ಭಾವಿಸಲಾರರು.

ಬೈಕಿನವರಿಗೆ ಆ ಬಿಸಿಲು ಹಬ್ಬವಾಗಿತ್ತು. ಜನವರಿಯಲ್ಲಿ ಸಾಮಾನ್ಯವಾಗಿ ಹಿಮ ಹೊದ್ದು, ರಸ್ತೆಯನ್ನೇ ಮುಚ್ಚುವ ನಾರ್ಕಂಡಾ ಆಗ ಬರಿದಾಗಿತ್ತು. ಒಣಹುಲ್ಲು, ಧೂಳು, ಬೋಳು ಸೇಬಿನ ಗಿಡ. “ನಮ್ಮ ಅದೃಷ್ಟ ಮಾರಾಯ, ದಾರಿ ತೆರೆದೇ ಇದೆ” ಎಂದನು ಮೆಕ್ಯಾನಿಕ್. ಚಹಾದಂಗಡಿಯಲ್ಲಿ ಕುಳಿತಿದ್ದವರ ಮುಖದಲ್ಲಿ ಆ ಸಂತೋಷವಿರಲಿಲ್ಲ. ಸಮೀಪದ ಕೋಟ್‌ಗಢದಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಅವರು 1916ರಲ್ಲಿ ಹೊಸ ಸೇಬಿನ ತಳಿಗಳನ್ನು ನೆಡಲಾರಂಭಿಸಿದ ಮೇಲೆ ಆ ಸೀಮೆಯ ಬದುಕೇ ಸೇಬಾಗಿದೆ. ಸೇಬಿನ ಹಳೆಯ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಗಳಷ್ಟಾದರೂ ದೊರೆಯಬೇಕು. ಇಲ್ಲವಾದರೆ ವಸಂತದಲ್ಲಿ ಮೊಗ್ಗುಗಳು ಒಟ್ಟಾಗಿ ಒಡೆಯುವುದಿಲ್ಲ. ಹಿಮ ಆ ಚಳಿಯನ್ನು ಕಾಯ್ದುಕೊಡುತ್ತದೆ ಮತ್ತು ಕರಗುತ್ತ ಬೇರಿಗೆ ನೀರುಣಿಸುತ್ತದೆ. ಆ ವರ್ಷ ಪಾತಿ ಅಗೆಯಲೂ ಹೊಸ ಸಸಿ ನೆಡಲೂ ನೆಲದಲ್ಲಿ ತೇವವಿರಲಿಲ್ಲ.

ಬಯಲಿನ ಮಂಜು ಮತ್ತು ಬೆಟ್ಟದ ಬರ ಎರಡಕ್ಕೂ ಆ ತಿಂಗಳು ಮುಖ್ಯ ಕಾರಣ ಒಂದೇ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಮೇಲ್ಗಾಳಿಯೊಡನೆ ತೇಲಿಬರುವ ಹವಾಮಾನದ ಕಲಕುವಿಕೆಗಳಿವೆ. ತಜ್ಞರು ಇವನ್ನು ಪಶ್ಚಿಮದ ವಿಕ್ಷೋಭೆಗಳೆನ್ನುತ್ತಾರೆ. ಹಿಮಾಲಯದ ಪಶ್ಚಿಮ ಭಾಗಕ್ಕೆ ಚಳಿಗಾಲದ ಹಿಮ ತರುವವೂ ಬಯಲಿಗೆ ಮಳೆ–ಗಾಳಿ ತಂದು ಮಂಜನ್ನು ಚದುರಿಸುವವೂ ಇವೇ. 2024ರ ಜನವರಿಯ ಬಹುಪಾಲು ದಿನಗಳಲ್ಲಿ ಬಲವಾದ ವಿಕ್ಷೋಭೆ ಬರಲೇ ಇಲ್ಲ. ಕೆಳಗೆ ಮಂಜು ಕದಲಲಿಲ್ಲ, ಮೇಲೆ ಹಿಮ ಬೀಳಲಿಲ್ಲ.

ರಾಂಪುರದಿಂದ ಮುಂದೆ ಸಟ್ಲೆಜ್ ಕಂದರದೊಳಗೆ ರಸ್ತೆ ಸಾಗುತ್ತದೆ. ಅಲ್ಲಿ ನದಿಗಿಂತ ಕಲ್ಲೇ ಹೆಚ್ಚು ಕಾಣುತ್ತದೆ, ಏಕೆಂದರೆ ಚಳಿಗಾಲದ ತೆಳುಹರಿವಿನ ದೊಡ್ಡ ಪಾಲು ಸುರಂಗದಲ್ಲಿ ಹೋಗುತ್ತದೆ. 1500 ಮೆಗಾವಾಟ್ ಸಾಮರ್ಥ್ಯದ ನಾಥ್ಪಾ ಝಾಕ್ರಿ ಯೋಜನೆಯ ಸುರಂಗವೊಂದೇ 27 ಕಿ.ಮೀ.ಗೂ ಉದ್ದ. ನಿಗುಲ್‌ಸರಿಯಲ್ಲಿ 2021ರ ಆಗಸ್ಟ್ 11ರಂದು ಗುಡ್ಡ ಕುಸಿದು ಬಸ್ಸೂ ಇತರ ವಾಹನಗಳೂ ಸಿಲುಕಿ 28 ಜನ ಮಡಿದರು. ಕಿನ್ನೌರಿನ ಯುವಜನರು ಹೊಸ ಜಲವಿದ್ಯುತ್ ಯೋಜನೆಗಳು ಬೇಡವೆಂದು ದನಿಯೆತ್ತಿದ್ದುದೂ ಅದೇ ವರ್ಷ. ಆ ತಿರುವನ್ನು ಗೆಳೆಯರು ಮಾತಿಲ್ಲದೆ ದಾಟಿದರು.

ಪೊವಾರಿಯಲ್ಲಿ ಪೆಟ್ರೋಲ್ ತುಂಬಿಸಿಕೊಂಡು, ಜನವರಿಯ ಕೊನೆಯಲ್ಲಿ ಅವರು ಕಲ್ಪಾ ಮುಟ್ಟಿದರು. 2960 ಮೀಟರ್ ಎತ್ತರದ ಊರು. ಎದುರಿಗೇ ಕಿನ್ನರ ಕೈಲಾಸ. ತಂಗಿದ್ದು ಸೇಬು ಬೆಳೆಗಾರರ ಮನೆಯಲ್ಲಿ. ಮನೆಯ ನಡುಕೋಣೆಯಲ್ಲಿ ತಗಡಿನ ಸೌದೆ ಒಲೆ. ಅದನ್ನು ಅಲ್ಲಿ ತಂದೂರ್ ಎನ್ನುತ್ತಾರೆ. ಅಜ್ಜಿ ಚಿಲ್ಗೋಜಾ ಬೀಜಗಳನ್ನು ಹುರಿದು ಕೊಟ್ಟರು. ಆ ರಾತ್ರಿ ಪಶ್ಚಿಮದಲ್ಲಿ ಮೋಡ ಕಟ್ಟಿತು.

ಗೆಳೆಯರೊಳಗೆ ವಾದ ಹುಟ್ಟಿದ್ದು ಆಗ. ಮೆಕ್ಯಾನಿಕ್‌ನ ಲೆಕ್ಕ ಸರಳವಾಗಿತ್ತು: ನಸುಕಿನಲ್ಲಿ ಹೊರಟರೆ ಹಿಮ ಬೀಳುವ ಮೊದಲೇ ಸ್ಪಿತಿ ಸೇರಬಹುದು, ರಜೆಯಲ್ಲಿ ಉಳಿದಿರುವುದು ನಾಲ್ಕೇ ದಿನ, ಇಷ್ಟು ದೂರ ಬಂದು ಬಿಡುವುದೆಂತು? ಬೆಳೆಗಾರನಿಗೂ ಊರಿನಲ್ಲಿ ಕೊನೆಯ ಕೊಯ್ಲು ಕಾಯುತ್ತಿತ್ತು. ಆದರೂ ಅವನು ಒಪ್ಪಲಿಲ್ಲ. “ನೆರಳಿನ ತಿರುವಿನಲ್ಲಿ ನೀರು ಗಾಜಾಗಿರುತ್ತದೆ. ನಾಲ್ಕು ಚಕ್ರದವನು ಜಾರಿದರೆ ವಾಹನ ಹೋಗುತ್ತದೆ, ನಾವು ಜಾರಿದರೆ ನಾವೇ ಹೋಗುತ್ತೇವೆ ಮಾರಾಯ.” ಮಾತು ಬಿರುಸಾಯಿತು. ಭಾಷೆ ತಿಳಿಯದಿದ್ದರೂ ಅಜ್ಜಿಗೆ ಸಂಗತಿ ತಿಳಿಯಿತು. ಆಕೆ ಹಿಂದಿಯಲ್ಲಿ ಹೇಳಿದ್ದಿಷ್ಟೇ: “ಮಕ್ಕಳೇ, ಇದು ಬರಲೆಂದು ಎರಡು ತಿಂಗಳಿಂದ ಊರೇ ಕಾಯುತ್ತಿದೆ. ಇನ್ನೊಂದು ದಿನ ತಡೆದು ಬರಲಿ ಎಂದು ಮಾತ್ರ ಬಯಸಬೇಡಿ.”

ಬೆಳಗಾಗುವಷ್ಟರಲ್ಲಿ ಹಿಮ ಬೀಳತೊಡಗಿತ್ತು. ಆ ವಾರ ಹಿಮಾಚಲದಲ್ಲಿ ನೂರಾರು ರಸ್ತೆಗಳು ಮುಚ್ಚಿದವು. ಇಬ್ಬರೂ ಆರು ದಿನ ಕಲ್ಪಾದಲ್ಲೇ ಉಳಿದರು. ಮರದ ಹಲಗೆಗಳಿಂದ ಮಾಡಿನ ಹಿಮ ನೂಕಿದರು, ಅದನ್ನು ಸೇಬಿನ ಪಾತಿಗಳಿಗೆ ಒಟ್ಟಿದರು. ಪಾತಿ ಮಾಡುವುದು ಅಡಿಕೆಯವನಿಗೆ ಕಲಿಸಬೇಕಾದ ಕೆಲಸವಲ್ಲ. ಮೆಕ್ಯಾನಿಕ್ ಚಳಿಗೆ ಸೋತ ಬ್ಯಾಟರಿಯನ್ನು ಬಿಚ್ಚಿ ರಾತ್ರಿ ಒಲೆಯ ಕೋಣೆಯಲ್ಲಿರಿಸಿದನು; ನೆರೆಮನೆಯ ಪಂಪು ರಿಪೇರಿ ಮಾಡಿಕೊಟ್ಟನು. ರಸ್ತೆ ತೆರೆದ ಮೇಲೆ ಒಬ್ಬ ಬೈಕ್ ನಡೆಸುತ್ತ, ಒಬ್ಬ ಹಿಂದಿನಿಂದ ಹಿಡಿದು ನಡೆಯುತ್ತ, ರಿಕಾಂಗ್ ಪಿಯೋವರೆಗೆ ಇಳಿದರು. ಬಯಲು ಮುಟ್ಟುವಾಗ ಮಳೆಯಾಗಿ ಮಂಜು ತಿಳಿಯಾಗಿತ್ತು.

ವಿದ್ಯಾರ್ಥಿ ಮಿತ್ರರು ಇಲ್ಲಿ ಒಂದಂಶವನ್ನು ಗಮನಿಸಬೇಕು. ಭಾಕ್ರಾ ತಲುಪುವ ಸಟ್ಲೆಜ್ ನೀರಿನ ಸುಮಾರು ಅರ್ಧ ಪಾಲು ಹಿಮ ಮತ್ತು ಹಿಮನದಿಗಳು ಕರಗಿದುದು. ಚಳಿಗಾಲದ ಆರಂಭದಲ್ಲೇ ಬಿದ್ದ ಹಿಮ ಗಟ್ಟಿಯಾಗಿ ನಿಂತು ಬೇಸಿಗೆಯವರೆಗೆ ನಿಧಾನವಾಗಿ ಇಳಿಯುತ್ತದೆ. ತಡವಾಗಿ, ಒಮ್ಮೆಲೇ ಬಿದ್ದುದು ಬೇಗ ಹರಿದುಹೋಗುತ್ತದೆ. ಚಳಿ ಕುಗ್ಗಿ ಹಿಮದ ಬದಲು ಮಳೆಯೇ ಬಿದ್ದರಂತೂ ಬೆಟ್ಟದಲ್ಲಿ ಏನೂ ಉಳಿಯುವುದಿಲ್ಲ. ಕೆಳಗಿನ ಇಳಿಜಾರುಗಳಲ್ಲಿ ಚಳಿ ಸಾಲದೆ ಸೇಬು ಈಗಾಗಲೇ ಮೇಲಕ್ಕೆ, ಕಿನ್ನೌರ್–ಸ್ಪಿತಿಗಳತ್ತ ಸರಿಯುತ್ತಿದೆ. ಬೆಟ್ಟಕ್ಕೆ ಒಂದು ತುದಿಯಿದೆ. ಅದರಾಚೆ ಸರಿಯಲು ಜಾಗವಿಲ್ಲ. ಮಲೆನಾಡಿನಲ್ಲಿ ಹಿಮವಿಲ್ಲ. ಮಳೆಗಾಲದ ನೀರನ್ನು ಬೇಸಿಗೆಗೆ ದಾಟಿಸುವ ಕೆಲಸವನ್ನು ಇಲ್ಲಿ ಕಾಡಿನ ಮಣ್ಣು, ಕಾನು, ಸೊಪ್ಪಿನ ಬೆಟ್ಟಗಳು ಮಾಡುತ್ತವೆ.

ಯುವಕರಲ್ಲಿ ಇಂಥ ಪ್ರವಾಸದ ಆಸೆಯಿರುವುದು ಒಳ್ಳೆಯದೇ. ಹೋಗುವವರು ಹೋಗಲಿ. ಮಂಜಿನಲ್ಲಿ ನಿಲ್ಲುವುದನ್ನು ಕಲಿತು ಹೋಗಲಿ, ಪಟ್ಟಿಯಲ್ಲಿ ಎರಡು ದಿನ ಖಾಲಿ ಇಟ್ಟುಕೊಂಡು ಹೋಗಲಿ. ಬಿಸಿಲು ಬಿದ್ದ ಚಳಿಗಾಲದ ಬೆಟ್ಟದಲ್ಲಿ ದಾರಿ ಸಲೀಸಾಗಿದ್ದರೆ, ಆ ಊರಿನವರನ್ನು ಒಮ್ಮೆ ಕೇಳಲಿ: “ಈ ವರ್ಷ ಹಿಮ ಬಿತ್ತೇ?” ಉತ್ತರ ಕೇಳಿದ ಮೇಲೆ ಮುಂದಿನ ಊರಿಗೆ ಹೊರಡಲಿ.