ಗೋಡೆಯಾಚೆಯ ದನಿ

(ಸಂಘದ ವಾರ್ಷಿಕೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯನ್ನೇರಿ ಮಲಯಾಳದ ಲೇಖಕರೊಬ್ಬರ ಮಾತನ್ನೆತ್ತುವುದು ಕೆಲವರಿಗೆ ಉಚಿತವಾಗಿ ತೋರದಿರಬಹುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮನೆಮನೆಗಳಲ್ಲಿ ಉಳಿದಿರುವ ನೋವನ್ನು ನಾನು ಬಲ್ಲೆ. ಮಕ್ಕಳಿಗೆ ಕನ್ನಡದಲ್ಲೇ ಪಾಠವಾಗಬೇಕೆಂಬ ಹಟವನ್ನು ಸಡಿಲಿಸಿರೆಂದು ಹೇಳಲು ನಾನಿಲ್ಲಿ ನಿಂತಿಲ್ಲ. ಆದರೆ ಆಡಳಿತದ ಮೇಲಣ ಮುನಿಸನ್ನು ನೆರೆನುಡಿಯ ಸತ್ಕೃತಿಯ ಮೇಲೆ ತೀರಿಸಿಕೊಂಡರೆ ನಷ್ಟ ಯಾರದು? ವೈಕಂ ಮುಹಮ್ಮದ್ ಬಷೀರರ 'ಮದಿಲುಗಳ್' ಎಂಬ ಕಿರುಕಾದಂಬರಿಯನ್ನು ಓದದಿದ್ದರೆ ಬಷೀರರಿಗೇನೂ ಕೊರತೆಯಾಗದು. ಆ ಹೆಸರಿಗೆ ಅನುವಾದವೂ ಬೇಕಿಲ್ಲ. ಕೋಟೆಗೋಡೆಗೆ 'ಮದಿಲ್' ಎಂಬ ಮಾತು ಹಳಗನ್ನಡದಲ್ಲಿಯೂ ಉಂಟು.

ಬಷೀರರು ಹುಟ್ಟಿದ್ದು 1908ರಲ್ಲಿ, ವೈಕಂ ಬಳಿಯ ತಲಯೋಲಪರಂಬಿನಲ್ಲಿ. 1930ರ ಉಪ್ಪಿನ ಸತ್ಯಾಗ್ರಹದ ಕರೆಗೆ ಓಗೊಟ್ಟು, ಓದು ಬಿಟ್ಟು ಕೋಳಿಕ್ಕೋಡಿಗೆ ಓಡಿಬಂದ ಈ ಹುಡುಗ ಸೆರೆವಾಸ ಕಂಡದ್ದು ನಮ್ಮ ನೆರೆಯ ಕಣ್ಣೂರಿನ ಸೆರೆಮನೆಯಲ್ಲಿ. ಕಣ್ಣೂರು ಮಲಬಾರಿನದು, ಕಾಸರಗೋಡು ದಕ್ಷಿಣ ಕನ್ನಡದ್ದು; ಎರಡೂ ಅಂದು ಮದರಾಸು ಪ್ರಾಂತದಲ್ಲಿದ್ದುವು. ಮುಂದೆ ತಿರುವಾಂಕೂರಿನ ದಿವಾನ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರರ ಆಡಳಿತವನ್ನು ಖಂಡಿಸಿ ಬರೆದುದಕ್ಕಾಗಿ, 1940ರ ದಶಕದ ಆರಂಭದಲ್ಲಿ ರಾಜದ್ರೋಹದ ಆರೋಪ ಹೊತ್ತು ತಿರುವನಂತಪುರದ ಕೇಂದ್ರ ಕಾರಾಗೃಹವನ್ನು ಸೇರಿದರು. ಸೆರೆಯಲ್ಲಿದ್ದೇ ಅವರು ಬರೆದದ್ದು ಒಂದು ಪ್ರೇಮಪತ್ರದ ನಗೆಗಥೆಯನ್ನು, 'ಪ್ರೇಮಲೇಖನಂ' ಎಂಬುದನ್ನು. ಸರಕಾರ ಅದನ್ನೂ 1944ರಲ್ಲಿ ನಿಷೇಧಿಸಿತು. ನಗುವಿಗೂ ಅಂಜುವ ಸರಕಾರಗಳಿರುತ್ತವೆ.

ಈ ಸೆರೆಮನೆಯ ನೆನಪು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅವರಲ್ಲಿ ಮಾಗಿ, 1965ರಲ್ಲಿ ತೆಳ್ಳನೆಯ ಪುಸ್ತಕವಾಗಿ ಹೊರಬಂದಿತು. ಕಥಾನಾಯಕನ ಹೆಸರೂ ಬಷೀರನೇ. ಆತ ಸೆರೆಮನೆಯ ಅಂಗಳದಲ್ಲಿ ಗುಲಾಬಿಯ ತೋಟ ಮಾಡುತ್ತಾನೆ, ಮರಗಳೊಡನೆ ಮಾತಾಡುತ್ತಾನೆ, ಅಧಿಕಾರಿಗಳೊಡನೆ ಹಾಸ್ಯವಾಡುತ್ತಾನೆ. ಒಂದು ದಿನ ರಾಜಕೀಯ ಕೈದಿಗಳಿಗೆಲ್ಲ ಬಿಡುಗಡೆಯ ಅಪ್ಪಣೆ ಬರುತ್ತದೆ. ಆ ಪಟ್ಟಿಯಲ್ಲಿ ಈತನ ಹೆಸರೊಂದೇ ಇಲ್ಲ. ಗೆಳೆಯರೆಲ್ಲ ಹೊರಟುಹೋದ ಆವರಣದಲ್ಲಿ ಏಕಾಕಿಯಾಗಿ, ಗೋಡೆ ಹಾರಿ ಓಡಿಹೋಗುವ ಹವಣಿಕೆಯಲ್ಲಿದ್ದಾಗ, ಆಚೆಯ ಹೆಂಗಸರ ಸೆರೆಮನೆಯಿಂದ ಒಂದು ನಗೆ ಕೇಳಿಬರುತ್ತದೆ. ನಾರಾಯಣಿ ಎಂಬ ಕೈದಿ ಅವಳು.

ಅಲ್ಲಿಂದ ಮುಂದಿನ ಕಥೆಯೆಲ್ಲ ಬರಿಯ ಮಾತು. ಅವನು ಅವಳ ಮುಖವನ್ನು ಕಂಡವನಲ್ಲ, ಅವಳು ಅವನನ್ನು ಕಂಡವಳಲ್ಲ. ತಾನು ಗೋಡೆಯ ಬಳಿ ಬಂದಿರುವೆನೆಂದು ತಿಳಿಸಲು ಅವಳು ಒಣಗಿದ ಕಡ್ಡಿಯೊಂದನ್ನು ಮೇಲಕ್ಕೆ ಎಸೆಯುತ್ತಾಳೆ. ಗೋಡೆಯ ಮೇಲುಗಡೆ ಆ ಕಡ್ಡಿ ಕಂಡೊಡನೆ ಈತ ಓಡಿಬರುತ್ತಾನೆ. ಗುಲಾಬಿ ಗಿಡ ಬೇಕೆಂದು ಅವಳು ಕೇಳುತ್ತಾಳೆ, ಗಿಡ ಗೋಡೆಯನ್ನು ದಾಟಿ ಹೋಗುತ್ತದೆ. ಕೊನೆಗೆ, ಸೆರೆಮನೆಯ ಆಸ್ಪತ್ರೆಯಲ್ಲಿ ಒಬ್ಬರನ್ನೊಬ್ಬರು ನೋಡಬೇಕೆಂದು ನಿಶ್ಚಯವಾಗುತ್ತದೆ. ಗುರುತಿಗೆ ಅವಳ ಬಲಗೆನ್ನೆಯಲ್ಲಿ ಕಪ್ಪು ಮಚ್ಚೆ, ಅವನ ಕೈಯಲ್ಲಿ ಗುಲಾಬಿ. ಆ ಭೇಟಿ ನಡೆಯುವ ಮೊದಲೇ ಅವನ ಬಿಡುಗಡೆಯ ಆಜ್ಞೆ ಬಂದುಬಿಡುತ್ತದೆ!

ಸ್ವಾತಂತ್ರ್ಯಕ್ಕಾಗಿ ಸೆರೆಗೆ ಹೋದವನು, ಈ ಸ್ವಾತಂತ್ರ್ಯ ಯಾರಿಗೆ ಬೇಕಿತ್ತೆಂದು ಸಂಕಟಪಡುವ ಆ ಗಳಿಗೆಯಲ್ಲಿ ಬಷೀರರು ಒಂದು ಹನಿ ಕಣ್ಣೀರನ್ನೂ ಹೆಚ್ಚಾಗಿ ಸುರಿಸುವುದಿಲ್ಲ. ನಮ್ಮ ಕೆಲವು ಕಾದಂಬರಿಕಾರರಾಗಿದ್ದರೆ ಅಲ್ಲಿ ಹತ್ತು ಪುಟಗಳ ವಿಲಾಪವನ್ನು ಬರೆಯುತ್ತಿದ್ದರು. ನಾಯಕನು ಹೂವೊಂದನ್ನು ಹಿಡಿದು ಹೊರಗಿನ ರಸ್ತೆಯಲ್ಲಿ ನಿಲ್ಲುತ್ತಾನೆ, ಅಷ್ಟೆ. ನಾರಾಯಣಿಗೆ ಸುದ್ದಿ ಮುಟ್ಟಿಸುವವರಾರು? ಓದಿ ಮುಗಿಸಿದ ಮೇಲೆ ನನ್ನನ್ನು ಕಾಡಿದುದು ಬಿಡುಗಡೆ ಪಡೆದವನ ದುಃಖಕ್ಕಿಂತ, ಆಚೆ ಉಳಿದವಳ ಕಾಯುವಿಕೆ.

ಈ ಕಥೆಯನ್ನು ಅಡೂರು ಗೋಪಾಲಕೃಷ್ಣನ್ ಅವರು ಚಲಚ್ಚಿತ್ರವನ್ನಾಗಿಸಿದಾಗ ಅವರ ಮುಂದಿದ್ದ ಪ್ರಲೋಭನೆಯನ್ನು ಊಹಿಸಿಕೊಳ್ಳಿ. ನಾಯಕಿಯ ಮುಖವನ್ನೇ ತೋರಿಸದ ಪ್ರೇಮಚಿತ್ರವನ್ನು ಯಾರು ನೋಡಿಯಾರು? ಗೋಡೆಯಾಚೆಗೆ ಕ್ಯಾಮರಾ ಒಯ್ಯುವುದು ಎಷ್ಟು ಹೊತ್ತಿನ ಕೆಲಸ! ಅವರು ಒಯ್ಯಲಿಲ್ಲ. ಬಷೀರನಾಗಿ ಮಮ್ಮೂಟ್ಟಿಯವರು ಗೋಡೆಯ ಈಚೆ ನಿಂತರು. ನಾರಾಯಣಿಯಾಗಿ ಕೇಳಿಸಿದುದು ಕೆ.ಪಿ.ಎ.ಸಿ. ಲಲಿತಾ ಅವರ ಕಂಠ ಮಾತ್ರ. ಆ ಕಲಾವಿದೆ 2022ರಲ್ಲಿ ತೀರಿಕೊಂಡರು. ಆ ದನಿ ಚಿತ್ರದಲ್ಲಿ ಉಳಿದಿದೆ. 1989ನೆಯ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ನಿರ್ದೇಶನದ ಮನ್ನಣೆ ಅಡೂರರಿಗೆ ಸಂದಿತು. ಶ್ರೇಷ್ಠ ನಟನೆಂದು ಮಮ್ಮೂಟ್ಟಿಯವರನ್ನು ಆರಿಸಿದಾಗ 'ಒರು ವಡಕ್ಕನ್ ವೀರಗಾಥ'ದೊಡನೆ ಈ ಚಿತ್ರವನ್ನೂ ಹೆಸರಿಸಲಾಯಿತು. ಮಲಯಾಳದ ಶ್ರೇಷ್ಠ ಚಿತ್ರವೂ ಇದೇ ಆಯಿತು. ಇನ್ನೊಂದು ಸಂಗತಿಯನ್ನು ಈ ಸಭೆಗೆ ವಿಶೇಷವಾಗಿ ಅರಿಕೆಮಾಡಬೇಕು: ಚಿತ್ರದ ಸಂಗೀತ ನಮ್ಮ ವಿಜಯಭಾಸ್ಕರ್ ಅವರದು. 1972ರ 'ನಾಗರಹಾವು' ಚಿತ್ರದ ಹಾಡುಗಳಿಗೆ ಸ್ವರ ಹಾಕಿದವರೇ ಅವರು. ಗಡಿ ಗುರುತಿಸುವ ಅಧಿಕಾರಿಗಳಿಗೆ ಇಂಥವು ನಕ್ಷೆಯಲ್ಲಿ ಕಾಣಸಿಗುವುದಿಲ್ಲ.

ಬಷೀರರು 1994ರ ಜುಲೈ 5ರಂದು ಬೇಪೂರಿನಲ್ಲಿ ನಿಧನರಾದರು. ಅವರ ಭಾಷೆ ಪಂಡಿತರದ್ದಲ್ಲ, ಮನೆಮಂದಿಯ ಆಡುಮಾತು. ಆದುದರಿಂದ ನಮ್ಮಲ್ಲಿ ಹಿರಿಯರಿಗೆ ಲಿಪಿ ತೊಡಕಾದರೂ ಕಿವಿಗೆ ತೊಡಕಾಗದು. ನಮ್ಮ ತರುಣರಲ್ಲಿ ಮಲಯಾಳದ ಲಿಪಿ ಬಲ್ಲವರಿದ್ದಾರೆ. ಅವರು ಸಂಘದ ಮುಂದಿನ ಕೂಟದಲ್ಲಿ ಈ ಪುಸ್ತಕವನ್ನು ಗಟ್ಟಿಯಾಗಿ ಓದಿ, ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಅರ್ಥ ಹೇಳಲಿ ಎಂಬುದು ನನ್ನ ಸೂಚನೆ. ಒಂದು ಸಂಜೆ ಸಾಕು.